ಸಿಂಪ್ಸನ್ಸ್ ನೋಡಬೇಕಾ ಅಂತ ಕೇಳಿದ್ದೆಯಲ್ಲ, ಅದಕ್ಕೆ

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ಅಲ್ವಾ?

ನೀನು ಕೇಳಿದ್ದು ಮೂರು ವಿಷಯ. ಆಫೀಸಿನಲ್ಲಿ ಊಟಕ್ಕೆ ಕೂತಾಗ ಎಲ್ಲರೂ ಸಿಂಪ್ಸನ್ಸ್ ಎಂಬ ಅಮೆರಿಕದ ಕಾರ್ಟೂನ್ ಸೀರಿಯಲ್‌ನ ಮಾತು ತೆಗೆದು ನಗುತ್ತಾರೆ, ನಿನಗೆ ತಲೆಬುಡ ತಿಳಿಯುವುದಿಲ್ಲ, ಅದನ್ನು ಕೂತು ನೋಡಬೇಕಾ? ಇಲ್ಲಿನ ಮನೆಗಳು ನಿಜಕ್ಕೂ ಹಾಗೇ ಇರುತ್ತವಾ? ಒಬ್ಬ ನಿನ್ನನ್ನು ಅದರಲ್ಲಿನ ಭಾರತೀಯ ಅಂಗಡಿಯವನ ಹೆಸರಿಟ್ಟು ಅಪು ಅಂತ ಕರೆದ, ಏನು ಮಾಡಲಿ? ಮೂರನೆಯದು ನನಗೂ ನೋವಿನ ವಿಷಯ. ಅದನ್ನು ಕೊನೆಗೆ ಹೇಳುತ್ತೇನೆ.

ನೋಡು. ಆದರೆ ಎಲ್ಲವನ್ನೂ ನೋಡಲು ಹೋಗಬೇಡ. 1989ರ ಡಿಸೆಂಬರ್‌ನಲ್ಲಿ ಶುರುವಾಗಿ ಇನ್ನೂ ನಡೆಯುತ್ತಿರುವ ಸೀರಿಯಲ್ ಅದು. ಮೂರರಿಂದ ಎಂಟನೇ ಸೀಸನ್‌ವರೆಗಿನದು ಸಾಕು, ಜನರ ಬಾಯಲ್ಲಿ ಉಳಿದಿರುವ ಮಾತುಗಳಲ್ಲಿ ಹೆಚ್ಚಿನವು ಅಲ್ಲಿನವೇ. ಕ್ಯಾಪ್ಷನ್ ಹಾಕಿಕೊಂಡು ನೋಡು. ನಾನು 1998ರಲ್ಲಿ ಡೆಟ್ರಾಯಿಟ್ ಹತ್ತಿರಕ್ಕೆ ಬಂದಾಗ ಭಾನುವಾರ ರಾತ್ರಿ ಎಂಟಕ್ಕೆ ಫಾಕ್ಸ್‌ನಲ್ಲಿ ಅದು ಬರುತ್ತಿತ್ತು. ಊರಲ್ಲಿ ಆಗ ಸೋಮವಾರ ಬೆಳಗ್ಗೆ, ಅಪ್ಪ ಎದ್ದಿರುತ್ತಿದ್ದರು. ಕಾಲಿಂಗ್ ಕಾರ್ಡ್ ಕೆರೆದು, ಅಷ್ಟುದ್ದ ನಂಬರ್ ಒತ್ತಿ, ಲೈನ್ ಸಿಗುವವರೆಗೆ ಟಿವಿ ಸದ್ದು ಅಡಗಿಸಿ ಕೆಳಗೆ ಓಡುವ ಅಕ್ಷರ ಓದುತ್ತಾ ಕೂರುತ್ತಿದ್ದೆ. ಇಲ್ಲಿಯವರು ಮನೆಯೊಳಗೆ ಆಡುವ ಇಂಗ್ಲಿಷ್ ನನಗೆ ಹಿಡಿತಕ್ಕೆ ಬಂದದ್ದು ಹಾಗೆ. ಆಫೀಸಿನ ಇಂಗ್ಲಿಷೇ ಬೇರೆ, ಇದೇ ಬೇರೆ.

ಇನ್ನು ಮನೆಗಳ ಮಾತು. ಆ ಮನೆಯ ಅಪ್ಪ ಹೋಮರ್ ಮಗನ ಕತ್ತು ಹಿಸುಕುವುದು, ಕುಡಿದು ಬರುವುದು, ಹೆಂಡತಿ ಮಾರ್ಜ್ ಎಲ್ಲವನ್ನೂ ನುಂಗಿಕೊಳ್ಳುವುದು ಇದನ್ನೆಲ್ಲ ನೋಡಿ, ಅಮೆರಿಕದ ಸಂಸಾರವೆಂದರೆ ಇಷ್ಟೇ ಅಂದುಕೊಳ್ಳಬೇಡ. 1992ರಲ್ಲಿ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಅವರೇ, ನಮ್ಮ ಕುಟುಂಬಗಳು ಸಿಂಪ್ಸನ್ಸ್ ಥರ ಆಗಬಾರದು, ವಾಲ್ಟನ್ಸ್ (ಹಳೆಯ ಟಿವಿ ಸೀರಿಯಲ್ ಒಂದರ ಅನ್ಯೋನ್ಯ ಕುಟುಂಬ) ಥರ ಇರಬೇಕು ಅಂತ ಭಾಷಣದಲ್ಲಿ ಹೇಳಿದ್ದರು. ನನಗೆ ಹಾಗನ್ನಿಸಲಿಲ್ಲ. ಕಿತ್ತಾಡುತ್ತಾರೆ, ಆದರೆ ರಾತ್ರಿ ಊಟಕ್ಕೆ ಐದು ಜನವೂ ಒಂದೇ ಟೇಬಲ್‌ಗೆ ಬರುತ್ತಾರೆ. ನಾನು ನೋಡಿದ ಎಷ್ಟೋ ಮನೆಗಳಲ್ಲಿ, ನಮ್ಮವರ ಮನೆಗಳೂ ಸೇರಿ, ಅದು ಆಗುವುದಿಲ್ಲ. ಒಬ್ಬನ ಸಂಬಳದಲ್ಲಿ ಅಷ್ಟು ದೊಡ್ಡ ಮನೆ, ಎರಡು ಕಾರು ಮಾತ್ರ ಈಗ ಆಗದ ಮಾತು, ಅದನ್ನು ನಂಬಬೇಡ.

ಮೊದಲು ನೋಡಬೇಕಾದದ್ದು ಆರನೇ ಸೀಸನ್‌ನ 13ನೇ ಎಪಿಸೋಡ್, 'ಅಂಡ್ ಮ್ಯಾಗಿ ಮೇಕ್ಸ್ ತ್ರೀ'. ಆಲ್ಬಮ್‌ನಲ್ಲಿ ಕಿರಿಯ ಮಗು ಮ್ಯಾಗಿಯ ಫೋಟೋ ಯಾಕಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಹೋಮರ್ ಅಣುಸ್ಥಾವರದ ಕೆಲಸ ಬಿಟ್ಟು, ಚೆಂಡು ಉರುಳಿಸಿ ಪಿನ್ ಬೀಳಿಸುವ, ತನಗೆ ಪ್ರೀತಿಯ ಬೌಲಿಂಗ್ ಅಂಗಳದಲ್ಲಿ ಕೆಲಸಕ್ಕೆ ಸೇರಿ ಖುಷಿಯಾಗಿದ್ದಾಗ ಮಾರ್ಜ್ ಮತ್ತೆ ಬಸುರಿಯಾಗುತ್ತಾಳೆ. ಆ ಸಂಬಳ ಸಾಲದು. ಹಳೆಯ ಯಜಮಾನನ ಮುಂದೆ ತಲೆ ತಗ್ಗಿಸಿ ವಾಪಸ್ ಹೋಗುತ್ತಾನೆ. ನೀನು ಇಲ್ಲೇ ಇರಬೇಕು, ಎಂದೆಂದಿಗೂ, ಮರೆಯಬೇಡ ಅಂತ ಒಂದು ಫಲಕವನ್ನು ಆತ ಹೋಮರ್ ಕೂರುವ ಜಾಗದ ಎದುರಿಗೇ ಹೊಡೆಸುತ್ತಾನೆ. ಹೋಮರ್ ಅದರ ಮೇಲೆ ಮ್ಯಾಗಿಯ ಫೋಟೋಗಳನ್ನು ಅಂಟಿಸುತ್ತಾನೆ, ಕೆಲವು ಅಕ್ಷರ ಮುಚ್ಚಿ ಉಳಿದವು 'ಡೂ ಇಟ್ ಫಾರ್ ಹರ್', ಅವಳಿಗೋಸ್ಕರ ಮಾಡು ಅಂತ ಕಾಣುವ ಹಾಗೆ. ವೀಸಾ ಕಾರಣಕ್ಕೆ ಒಗ್ಗದ ಕೆಲಸದಲ್ಲಿ ನಾಲ್ಕು ವರ್ಷ ಇದ್ದೆ ನಾನು. ನನ್ನ ಮಾನಿಟರ್ ಪಕ್ಕದಲ್ಲೂ ಮಗನ ಫೋಟೋ ಇತ್ತು, ಟೇಪ್ ಬಿಟ್ಟು ಬಿಟ್ಟು ಮೂಲೆ ಸುರುಳಿಯಾಗಿತ್ತು.

ಹೋಮರ್‌ನ ಅಪ್ಪ, ಅಂದರೆ ಮಕ್ಕಳ ಅಜ್ಜನ ವಿಷಯ ನಾಲ್ಕನೇ ಸೀಸನ್‌ನ 'ಲೀಸಾಸ್ ಫಸ್ಟ್ ವರ್ಡ್'ನಲ್ಲಿದೆ. ಮಗ ಮನೆ ಕೊಳ್ಳಲಿ ಅಂತ ಅಜ್ಜ ತನ್ನ ಮನೆಯನ್ನೇ ಮಾರುತ್ತಾನೆ, ಮೂರೇ ವಾರಕ್ಕೆ ಅವನನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತಾರೆ. ಅಮ್ಮ ಒಂದು ಚಳಿಗಾಲ ನಮ್ಮಲ್ಲಿಗೆ ಬಂದಿದ್ದಾಗ, ಹೊರಗೆ ಹಿಮ, ಎಲ್ಲೂ ಹೋಗುವ ಹಾಗಿಲ್ಲ, ನನ್ನ ಜೊತೆ ಕೂತು ನೋಡುತ್ತಿದ್ದಳು. ಆ ಯಜಮಾನರಿಗೆ ಮಕ್ಕಳಿಲ್ಲವಾ ಅಂದಳು. ಇದ್ದಾನಮ್ಮ, ಅದೇ ಊರಲ್ಲಿ ಅಂದೆ. ಏನೂ ಹೇಳದೆ ಎದ್ದು ಹೋಗಿ ಕಾಫಿ ಲೋಟ ತೊಳೆದಿಟ್ಟಳು. ಅವಳ ಮಗಳು ಅದೇ ಊರಲ್ಲೂ ಇರಲಿಲ್ಲ.

ಈಗ ಅಪು. ಸೀರಿಯಲ್ ನಡೆಯುವ ಊರಾದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕ್ವಿಕ್-ಇ-ಮಾರ್ಟ್ ಅಂಗಡಿ ನಡೆಸುವ ಭಾರತೀಯ ಅವನು. ದನಿ ಕೊಟ್ಟದ್ದು ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟ. ಬರೆದವರು ಅವನನ್ನು ಒಳ್ಳೆಯವನಾಗಿಯೇ ಬರೆದರು, ದುಡಿಯುವವನು, ಓದಿದವನು. ಆದರೆ ಎಷ್ಟೋ ವರ್ಷ ಇಲ್ಲಿನ ಟಿವಿಯಲ್ಲಿ ನಮ್ಮಂಥವರು ಅಂತ ಕಾಣುತ್ತಿದ್ದುದು ಹೆಚ್ಚುಕಡಿಮೆ ಅವನೊಬ್ಬನೇ. ನನ್ನ ಮಗನನ್ನು ಶಾಲೆಯಲ್ಲಿ 'ಥ್ಯಾಂಕ್ ಯೂ, ಕಮ್ ಅಗೈನ್' ಅಂತ ಆ ದನಿಯಲ್ಲೇ ರೇಗಿಸುತ್ತಿದ್ದರು. ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕಾರಲ್ಲಿ, ಅಮ್ಮಾ, ನೀನು ಸ್ಕೂಲಿಗೆ ಬಂದಾಗ ಜಾಸ್ತಿ ಮಾತಾಡಬೇಡ ಅಂದ. ಸಿಗ್ನಲ್ ಹಸಿರಾಗಿತ್ತು, ಹಿಂದಿನವರು ಹಾರ್ನ್ ಹೊಡೆದ ಮೇಲೆ ನನಗೆ ಗೊತ್ತಾಯಿತು. 2017ರಲ್ಲಿ ಭಾರತೀಯ ಮೂಲದ ಹಾಸ್ಯಗಾರ ಹರಿ ಕೊಂಡಬೋಲು ಇದರ ಬಗ್ಗೆಯೇ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜೇರಿಯಾ ಆ ದನಿ ಕೊಡುವುದನ್ನು ನಿಲ್ಲಿಸಿದರು, ಮುಂದಿನ ವರ್ಷ ಕ್ಷಮೆಯನ್ನೂ ಕೇಳಿದರು. ಆ ಸುದ್ದಿಯನ್ನು ಮಗನಿಗೆ ಕಳಿಸಿದೆ.

ಆದರೂ ಏಳನೇ ಸೀಸನ್‌ನ 'ಮಚ್ ಅಪು ಅಬೌಟ್ ನಥಿಂಗ್' ನೋಡು, 1996ರದ್ದು. ಊರಿಗೆ ಕರಡಿ ಬಂತು ಅಂತ ಗಸ್ತು ಹಾಕುತ್ತಾರೆ, ಅದಕ್ಕೆ ತೆರಿಗೆ ಬೀಳುತ್ತದೆ, ಜನ ರೇಗುತ್ತಾರೆ, ಮೇಯರ್ ತಪ್ಪೆಲ್ಲ ವಲಸಿಗರ ಮೇಲೆ ಹಾಕುತ್ತಾನೆ. ಅವರನ್ನು ಓಡಿಸಲು ಪ್ರೊಪೊಸಿಷನ್ 24 ಅಂತ ಮತದಾನ. ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ, ಕಾಗದಪತ್ರವಿಲ್ಲದ ವಲಸಿಗರಿಗೆ ಸರ್ಕಾರಿ ಸೌಲಭ್ಯ ನಿಲ್ಲಿಸುವ ಪ್ರೊಪೊಸಿಷನ್ 187 ನಿಜವಾಗಿಯೂ ಗೆದ್ದಿತ್ತು, ಆಮೇಲೆ ಕೋರ್ಟು ತಡೆಯಿತು. ವೀಸಾ ಮುಗಿದುಹೋಗಿದ್ದ ಅಪು ಮೊದಲು ನಕಲಿ ಕಾಗದ ಮಾಡಿಸಿ, ಇಲ್ಲೇ ಹುಟ್ಟಿದವನ ಹಾಗೆ ನಟಿಸುತ್ತಾನೆ. ಅಪ್ಪ ಅಮ್ಮನನ್ನು, ದೇವರನ್ನು ಬಿಟ್ಟೆನಲ್ಲ ಅಂತ ಸಂಕಟಪಟ್ಟು ಅದನ್ನೆಲ್ಲ ಎಸೆಯುತ್ತಾನೆ. ಪೌರತ್ವದ ಪರೀಕ್ಷೆಯಲ್ಲಿ ಅಂತರ್ಯುದ್ಧಕ್ಕೆ ಕಾರಣವೇನು ಅಂತ ಕೇಳಿದರೆ ಅವನು ಬಿಡಿಸಿ ಹೇಳಲು ಹೊರಡುತ್ತಾನೆ, ಅಧಿಕಾರಿ ತಡೆದು, ಗುಲಾಮಗಿರಿ ಅನ್ನು ಸಾಕು ಅನ್ನುತ್ತಾನೆ. ನನ್ನ ಪರೀಕ್ಷೆ 2011ರಲ್ಲಿ. ಆಗ ನೂರು ಪ್ರಶ್ನೆ ಓದಬೇಕಿತ್ತು, ಹತ್ತು ಕೇಳುತ್ತಿದ್ದರು, ಆರು ಸರಿ ಇದ್ದರೆ ಪಾಸು. ನನಗೂ ಅದೇ ಪ್ರಶ್ನೆ ಬಂತು. ಒಂದೇ ಪದ ಹೇಳಿದೆ, ಪರೀಕ್ಷೆ ಮಾಡುತ್ತಿದ್ದ ಅಧಿಕಾರಿ ಗುರುತು ಹಾಕಿಕೊಂಡರು. ಅಮೆರಿಕದ ನೀಲಿ ಪಾಸ್‌ಪೋರ್ಟ್ ಸಿಗದಿರಲಿ ಅಂತ ಒಳಗೊಳಗೇ ಅಂದುಕೊಂಡಿದ್ದೆನೋ ಏನೋ, ಪಾಸಾದಿರಿ ಅಂದಾಗ ಅಳು ಬಂತು.

ನಿನ್ನನ್ನು ಅಪು ಅಂದವನಿಗೆ ನಗದೆ, ಅಲ್ಲೇ, ನಿನ್ನ ಹೆಸರನ್ನು ನಿಧಾನವಾಗಿ ಹೇಳು. ಇನ್ನೊಂದು ಸಲ ಕರೆದರೆ ತಾರೀಕು ಹಾಕಿ ಮ್ಯಾನೇಜರ್‌ಗೆ ಮೇಲ್ ಬರೆ. ವೀಸಾ ಅವರ ಕೈಯಲ್ಲಿದೆ ಅಂತ ಹೆದರಿ ಸುಮ್ನೆ ಇರಬೇಡ, ನಾನು ಹಾಗಿದ್ದೆ. ಬರೆಯಲು ತೋಚದಿದ್ದರೆ ನನಗೆ ಕಳಿಸು, ಇಬ್ಬರೂ ಸೇರಿ ಬರೆಯೋಣ.