ಕೋಣದ ಲೆಕ್ಕ, ಹಲಸಿನ ಮರದ ಅಜ್ಜ

ಶಿರಸಿಯ ಓದುಗರೇ,

ತೊರಾಜಾ ಜನರ ಬಗ್ಗೆ ನಾವು ಪ್ರಕಟಿಸಿದ ಚಿತ್ರಲೇಖನ ನೋಡಿ ಬರೆದಿದ್ದೀರಿ. “ಹೆಣವನ್ನು ವರ್ಷಗಟ್ಟಲೆ ಮನೆಯಲ್ಲಿ ಇಟ್ಟುಕೊಳ್ಳುವುದು, ಆಮೇಲೆ ಸಾಲ ಮಾಡಿ ಹತ್ತಾರು ಕೋಣ ಕಡಿಯುವುದು, ಬಂಡೆಯ ಮೇಲೆ ಗೊಂಬೆ ನಿಲ್ಲಿಸುವುದು. ಇದೆಲ್ಲ ಟೂರಿಸ್ಟರಿಗಾಗಿ ಆಡುವ ನಾಟಕ ಅಲ್ವಾ? ಇವರು ಯಾವ ಧರ್ಮದವರು?” ಎಂದು ಕೇಳಿದ್ದೀರಿ.

ನಾಟಕವಂತೂ ಅಲ್ಲ. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಈ ಗುಡ್ಡಗಾಡಿಗೆ ಟೂರಿಸ್ಟರು ಹಿಂಡುಹಿಂಡಾಗಿ ಬರತೊಡಗಿದ್ದು 1970ರ ದಶಕದಿಂದ ಈಚೆಗೆ. ಪದ್ಧತಿ ಅದಕ್ಕಿಂತ ಎಷ್ಟೋ ಹಳೆಯದು.

ಉಸಿರು ನಿಂತ ಮಾತ್ರಕ್ಕೆ ಅಲ್ಲಿ ಯಾರೂ ಸತ್ತವರಾಗುವುದಿಲ್ಲ. ಅವರು ‘ತೊ ಮಕುಲಾ’, ಅಂದರೆ ಕಾಯಿಲೆಯವರು. ಊಟ, ಕಾಫಿ, ಸಿಗರೇಟು ಎಲ್ಲ ಹತ್ತಿರ ತಂದಿಡುತ್ತಾರೆ, ಮಾತಾಡಿಸುತ್ತಾರೆ. ದೇಹ ಕೆಡದಂತೆ ಈಗ ಫಾರ್ಮಲಿನ್ ಬಳಸುತ್ತಾರೆ. ‘ರಂಬು ಸೊಲೊ’ ಎಂಬ ದೊಡ್ಡ ಕ್ರಿಯೆಯಲ್ಲಿ ಮೊದಲ ಕೋಣ ಬಿದ್ದ ಮೇಲಷ್ಟೇ ಅವರು ತೀರಿಕೊಂಡರು ಎಂದು ಲೆಕ್ಕ. ಕೋಣಗಳು ಆತ್ಮವನ್ನು ‘ಪುಯಾ’ ಎಂಬ ಪರಲೋಕಕ್ಕೆ ಮುಟ್ಟಿಸುತ್ತವೆ ಎಂಬ ನಂಬಿಕೆ.

ಇಷ್ಟು ದಿನ ಕಾಯುವುದಕ್ಕೆ ದೊಡ್ಡ ಕಾರಣ ದುಡ್ಡು. ಮಕಾಸರ್‌ನಲ್ಲೋ ಜಕಾರ್ತಾದಲ್ಲೋ ಕೆಲಸಕ್ಕಿರುವ ಮಕ್ಕಳು ಬರಬೇಕು, ನೆಂಟರಿಗೆ ಬಿದಿರಿನ ಚಪ್ಪರಗಳನ್ನು ಕಟ್ಟಬೇಕು, ಕೋಣ ಹೊಂದಿಸಬೇಕು. ಅದರಲ್ಲೂ ಕಪ್ಪು-ಬಿಳಿ ಮಚ್ಚೆಯ ‘ತೆಡೊಂಗ್ ಬೊಂಗಾ’ ಅಂದರೆ ಕಣ್ಣು ಬಿಡುವಷ್ಟು ಬೆಲೆ. ನೆಂಟರು ತಂದ ಕೋಣ, ಹಂದಿಗಳನ್ನೆಲ್ಲ ಬರೆದಿಡುತ್ತಾರೆ, ನಮ್ಮ ಮದುವೆಮನೆಯ ಮುಯ್ಯಿ ಪುಸ್ತಕದ ಹಾಗೆ. ಅವರ ಮನೆಯಲ್ಲಿ ಸಾವಾದಾಗ ಅದನ್ನು ತಿರುಗಿಸಲೇಬೇಕು. ತೀರಿಸದೆ ಹೋದರೆ ಋಣ ಮಕ್ಕಳ ತಲೆಗೆ. ಅಪ್ಪನ ಕ್ರಿಯೆಗೆ ಯಾರು ಎಷ್ಟು ಕೋಣ ಕೊಟ್ಟರು ಎಂಬುದರ ಮೇಲೆ ಗದ್ದೆ ಪಾಲಾಗುವ ರೂಢಿಯೂ ಇತ್ತು. ಸುಮ್ನೆ ದುಂದು ಅನ್ನಲು ನನಗೆ ಬಾಯಿ ಬಾರದು. ಆದರೆ ಸಾಲದ ಬಗ್ಗೆ ನಿಮ್ಮ ಮಾತು ಸರಿ. ತೊರಾಜಾದವರೇ ಈ ಬಗ್ಗೆ ತಮ್ಮತಮ್ಮಲ್ಲಿ ಜಗಳವಾಡುತ್ತಾರೆ.

ಇನ್ನು ಆ ‘ಗೊಂಬೆ’ಗಳು. ಅವು ‘ತೌ-ತೌ’, ಅಂದರೆ ಸತ್ತವರ ಪ್ರತಿಮೆಗಳು. ಮೇಲ್ವರ್ಗದವರಿಗೆ ಹಲಸಿನ ಮರದಲ್ಲಿ ಕೆತ್ತುತ್ತಿದ್ದರು. ಲೆಮೋ ಎಂಬಲ್ಲಿ ಕಡಿದಾದ ಬಂಡೆಯನ್ನು ಕೊರೆದು ಗೋರಿ ಮಾಡಿದ್ದಾರೆ. ಅದರ ಪಕ್ಕದ ಕಟಾಂಜನದಲ್ಲಿ ಇವು ಸಾಲಾಗಿ ಕೈ ಚಾಚಿ ನಿಂತಿವೆ. ಆಗಾಗ ಬಟ್ಟೆ ಬದಲಿಸುತ್ತಾರೆ. ಹಳೆಯವುಗಳ ಮುಖ ಸರಳ, ದೊಡ್ಡ ಬಿಳಿ ಕಣ್ಣು. ಈಗಿನವು ಫೋಟೊ ನೋಡಿ ಕೆತ್ತಿದವು. ಸುಕ್ಕು, ಹಲ್ಲು ಎಲ್ಲ ತದ್ರೂಪ. ನನಗೆ ಹಳೆಯವೇ ಜಾಸ್ತಿ ಇಷ್ಟ. ದುರದೃಷ್ಟಕ್ಕೆ ಕಲಾವಸ್ತು ಕೊಳ್ಳುವ ವಿದೇಶಿಯರಿಗೂ ಅವೇ ಇಷ್ಟವಾದವು. 1980ರ ದಶಕದಲ್ಲಿ ಬಹಳಷ್ಟು ಕಳುವಾದವು. ಕೆಲವು ಕಡೆ ಈಗ ಕಬ್ಬಿಣದ ಸರಳು ಹಾಕಿದ್ದಾರೆ. ಟೂರಿಸ್ಟರ ವಿಷಯದಲ್ಲಿ ಬೇಸರಪಡಬೇಕಾದ್ದು ಇದಕ್ಕೆ.

ಧರ್ಮದ ಪ್ರಶ್ನೆ ತುಸು ತಮಾಷೆಯದು. 1913ರಲ್ಲಿ ಡಚ್ ಮಿಷನರಿಗಳು ಬಂದರು. ಈಗ ಹೆಚ್ಚಿನವರು ಕ್ರೈಸ್ತರು. ‘ಅಲುಕ್ ತೊ ದೊಲೊ’ ಎಂಬ ಹಿರಿಯರ ಪದ್ಧತಿಯನ್ನು ಇಂಡೋನೇಷ್ಯಾ ಸರ್ಕಾರ 1969ರಲ್ಲಿ ಹಿಂದೂ ಧರ್ಮದ ಒಂದು ಶಾಖೆ ಎಂದು ಮಾನ್ಯ ಮಾಡಿತು. ಮಾನ್ಯತೆ ಇರುವ ಕೆಲವೇ ಧರ್ಮಗಳಲ್ಲಿ ಒಂದರೊಳಗೆ ಅದನ್ನು ಸೇರಿಸಬೇಕಿತ್ತು, ಅಷ್ಟೆ. ಇವತ್ತು ಒಂದೇ ಅಂಗಳದಲ್ಲಿ ಪಾದ್ರಿ ಪ್ರಾರ್ಥನೆಯೂ ನಡೆಯುತ್ತದೆ, ಕೋಣವೂ ಬೀಳುತ್ತದೆ.

– ಸಂಪಾದಕ