ಸಾವಿರಕ್ಕೊಬ್ಬರಾದರೆ ಬರೆಯಬಾರದೇ?

'ಹೃದಯದ ಆಪರೇಷನ್ ಯಂತ್ರದ ನೀರಿನಿಂದ ಸೋಂಕು ಎಂಬ ನಿಮ್ಮ ಲೇಖನ ಓದಿ, ಬೈಪಾಸ್‌ಗೆ ದಿನ ಕಾಯುತ್ತಿರುವ ನಮ್ಮ ಅಣ್ಣ ಹೆದರಿದ್ದಾರೆ. ಸಾವಿರಕ್ಕೊಬ್ಬರಿಗೆ ಬರುವ ಕಾಯಿಲೆಯ ಸುದ್ದಿ ಯಾಕೆ ಬೇಕಿತ್ತು?' ಎಂದು ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ.

ಸಿಟ್ಟು ಬರಲಿ ಬಿಡಿ, ಅಣ್ಣನ ಮೇಲಿನ ಪ್ರೀತಿಯಿಂದ ಬಂದದ್ದು. ಅವರು ಆಪರೇಷನ್ ಮುಂದೂಡುವುದು ಬೇಡ. ಈ ಯಂತ್ರದಿಂದ ಆಗುವ ಲಾಭ ಅಪಾಯಕ್ಕಿಂತ ದೊಡ್ಡದು ಎಂದು ಔಷಧಿ, ವೈದ್ಯಕೀಯ ಯಂತ್ರಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಹೇಳಿದೆ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ.

ಆದರೆ 'ಯಾಕೆ ಬೇಕಿತ್ತು' ಅಂತೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಈ ಯಂತ್ರದ ಹೆಸರು ಹೀಟರ್-ಕೂಲರ್. ಅದರ ನೀರು ರೋಗಿಯ ರಕ್ತವನ್ನು ಮುಟ್ಟುವುದೇ ಇಲ್ಲ. ಬೇರೆ ಕೊಳವೆಯಲ್ಲಿ ಹರಿದು, ರಕ್ತವನ್ನು ಬೇಕಾದಂತೆ ಬಿಸಿಯಾಗಿಯೋ ತಣ್ಣಗೋ ಇಡುತ್ತದೆ, ಅಷ್ಟೇ. ಹಾಗಾಗಿ ಅದರ ಮೇಲೆ ಹೆಚ್ಚಿನವರಿಗೆ ಅನುಮಾನ ಬಂದಿರಲಿಲ್ಲ. ಯಂತ್ರದ ನೀರಿನ ತೊಟ್ಟಿಯ ಗೋಡೆಗೆ ಲೋಳೆಯಂತೆ ಅಂಟಿಕೊಂಡು ಬೆಳೆಯುತ್ತಿದ್ದದ್ದು ಮೈಕೊಬ್ಯಾಕ್ಟೀರಿಯಂ ಕೈಮೀರಾ, ಕ್ಷಯದ ರೋಗಾಣುವಿನ ದೂರದ ನೆಂಟ. ನೀರಿನ ಗುಳ್ಳೆ ಒಡೆದಾಗ ಅದು ಗಾಳಿ ಸೇರುತ್ತಿತ್ತು. ಯಂತ್ರದ ಫ್ಯಾನ್ ಆ ಗಾಳಿಯನ್ನು ತೆರೆದ ಎದೆಯ ಕಡೆಗೇ ಊದುತ್ತಿತ್ತು! ಇದನ್ನು ಮೊದಲು ಪತ್ತೆ ಹಚ್ಚಿದವರು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ವೈದ್ಯರು. ಆಮೇಲೆ ಬೇರೆ ಬೇರೆ ದೇಶಗಳ ರೋಗಿಗಳಲ್ಲಿ ಸಿಕ್ಕ ರೋಗಾಣುವಿನ ಜೀನ್‌ಗಳನ್ನು ಹೋಲಿಸಿ ನೋಡಿದರು. ಜಾಡು ಹೋಗಿ ನಿಂತದ್ದು ಜರ್ಮನಿಯಲ್ಲಿ ಆ ಯಂತ್ರ ತಯಾರಾಗುತ್ತಿದ್ದ ಕಾರ್ಖಾನೆಯ ಬಾಗಿಲಿಗೆ.

ನಿಮ್ಮ ಸಾವಿರಕ್ಕೊಂದು ಎಂಬ ಲೆಕ್ಕವೂ ಅರ್ಧವೇ. ಒಂದಾದರೂ ಸೋಂಕು ಕಂಡ ಆಸ್ಪತ್ರೆಗಳಲ್ಲಿ ಅಪಾಯ ನೂರಕ್ಕೊಂದರಿಂದ ಸಾವಿರಕ್ಕೊಂದರವರೆಗೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2016ರಲ್ಲಿ ಹೇಳಿತು.

ಕಾಯಿಲೆ ಬಹಳ ನಿಧಾನ. ಆಪರೇಷನ್ ಆಗಿ ವರ್ಷಗಳೇ ಕಳೆದ ಮೇಲೆ ಜ್ವರ, ರಾತ್ರಿ ಬೆವರು, ಸುಸ್ತು, ತೂಕ ಇಳಿಯುವುದು ಶುರುವಾಗಬಹುದು. ಎಂದೋ ಆದ ಆಪರೇಷನ್ ಆಗ ಯಾರಿಗೆ ನೆನಪಾಗುತ್ತದೆ? ದೇಹದೊಳಗೆ ಊತದ ಗಂಟುಗಳಾಗುವ ಸಾರ್ಕಾಯ್ಡೋಸಿಸ್ ಎಂಬ ಇನ್ನೊಂದು ಕಾಯಿಲೆ ಅಂದುಕೊಂಡು ಬೇರೆಯೇ ಔಷಧಿ ಕೊಟ್ಟದ್ದೂ ಉಂಟು. ಅಮೆರಿಕದ ಪೆನ್ಸಿಲ್ವೇನಿಯಾದ ಯಾರ್ಕ್‌ನ ಆಸ್ಪತ್ರೆಯೊಂದು 2015ರಲ್ಲಿ ಸುಮಾರು 1,300 ಹಳೆಯ ರೋಗಿಗಳಿಗೆ ವಿಷಯ ತಿಳಿಸಿತು. ಅವರೂ ಹೆದರಿರಬಹುದು. ಆದರೆ ಗೊತ್ತಿದ್ದವರು ತಾನೇ ಡಾಕ್ಟರ ಹತ್ತಿರ ಬಾಯಿ ಬಿಡುವುದು?

ಇನ್ನು ನನ್ನ ಹಳೇ ಗೊಣಗಾಟ. ಆಸ್ಪತ್ರೆ ಯಂತ್ರಗಳನ್ನು ನೋಡಿಕೊಳ್ಳುವ ಪರಿಚಯದ ಟೆಕ್ನಿಷಿಯನ್ ಒಬ್ಬರು ಹೇಳುತ್ತಿದ್ದರು: 'ಹೊಸ ಯಂತ್ರ ಬಂದ ದಿನ ಫೋಟೊಕ್ಕೆ ಎಲ್ಲರೂ ನಿಲ್ತಾರೆ ಸಾರ್, ನೀರು ಬದಲಿಸೋ ದಿನ ನಾನೊಬ್ಬನೇ.' ತೊಟ್ಟಿ ತೊಳೆಯಲು ಸಮಯ ಬೇಕು, ಆಳು ಬೇಕು, ಸೋಸಿದ ನೀರು ಬೇಕು. ಯಂತ್ರವನ್ನು ಸಾಧ್ಯವಾದರೆ ಆಪರೇಷನ್ ಕೋಣೆಯ ಹೊರಗಿಡಬೇಕು. ಕೊಳ್ಳುವಾಗ ಕೋಟಿಗಳ ಮಾತಾಡುವವರು ಇದಕ್ಕೆ ದುಡ್ಡು ಕೇಳಿದರೆ ಮುಖ ತಿರುಗಿಸುತ್ತಾರೆ. ಸೇತುವೆ, ಲಿಫ್ಟ್, ಶಾಲೆಯ ಲ್ಯಾಬ್ ಎಲ್ಲದರ ಕಥೆಯೂ ಇದೇ ಅಲ್ವಾ? ಪತ್ರಿಕೆಗಳೂ ಕಡಿಮೆಯೇನಲ್ಲ, ಉದ್ಘಾಟನೆಗೆ ಮುಖಪುಟ, ನಿರ್ವಹಣೆಗೆ ಮೂಲೆಯೂ ಇಲ್ಲ.

ಅಣ್ಣನವರು ಧೈರ್ಯವಾಗಿ ಹೋಗಿ ಬರಲಿ. ಯಂತ್ರದ ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ ಎಂದು ಮೊದಲೇ ಕೇಳಲಿ, ಅದರಲ್ಲಿ ಸಂಕೋಚವೇನೂ ಬೇಡ. ಡಿಸ್ಚಾರ್ಜ್ ಕಾಗದ ಜೋಪಾನವಾಗಿರಲಿ. ಮುಂದೆ ಕಾರಣ ಗೊತ್ತಾಗದ ಜ್ವರ ಬಂದರೆ ಅದನ್ನೇ ಮೊದಲು ತೋರಿಸಲಿ. ಆಸ್ಪತ್ರೆ ಏನು ಉತ್ತರ ಕೊಟ್ಟಿತು ಅಂತ ನಮಗೂ ಬರೆಯಿರಿ, ಸಿಟ್ಟಿನಲ್ಲೇ ಬರೆದರೂ ಅಚ್ಚು ಹಾಕುತ್ತೇವೆ.

– ಸಂಪಾದಕ