ಗೇರುಬೀಜ ಫ್ಯಾಕ್ಟರಿ: ಎಲ್ಲ ವಿಭಾಗದ ಲೆಕ್ಕ ಸರಿಯಿದ್ದರೂ ಲಾಭ ಎಲ್ಲಿ ಸೋರುತ್ತದೆ?

ಕುಮಟಾ ಕಡೆ ಗೇರುಬೀಜ ಫ್ಯಾಕ್ಟರಿ ಶುರುಮಾಡಿದ್ದೀರಿ. ಖರೀದಿ, ಉತ್ಪಾದನೆ, ಮಾರಾಟ ಎಲ್ಲರ ಲೆಕ್ಕವೂ ಸರಿಯಿದೆ, ಲಾಭ ಮಾತ್ರ ಕಾಣುವುದಿಲ್ಲ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಸೋರಿಕೆ ಇರುವುದು ಮಾಲು ಕೈಯಿಂದ ಕೈಗೆ ದಾಟುವಲ್ಲಿ.

80 ಕೆಜಿ ಚೀಲಕ್ಕೆ 48 ಪೌಂಡ್ ತಿರುಳು ಬರುತ್ತದೆಂದು ಸ್ಯಾಂಪಲ್ ಕತ್ತರಿಸಿ ನೋಡಿ ದರ ಕಟ್ಟಿದಿರಿ ಎನ್ನಿ. ಕೊನೆಗೆ ಸಿಕ್ಕಿದ್ದು 46. ಚೀಲಕ್ಕೆ ಎರಡೇ ಪೌಂಡ್ ಕಮ್ಮಿ, ಆದರೆ 200 ಚೀಲದ ಲಾಟಿಗೆ ಅದು ಸುಮಾರು 180 ಕೆಜಿ, ಅಂದರೆ 10 ಕೆಜಿಯ 18 ಡಬ್ಬ. ಗೋಡೌನಿನಲ್ಲಿ ಲಾಟುಗಳು ಬೆರೆತಿದ್ದರೆ ಬೀಜವೇ ಕಳಪೆಯೋ, ಚಿಪ್ಪು ಒಡೆಯುವ ಕಟಿಂಗಿನಲ್ಲಿ ಹೋಯಿತೋ ಯಾರೂ ಹೇಳಲಾರರು. ಚೀಲ ಇಳಿದ ದಿನ ಕೊಟ್ಟ ಲಾಟ್ ನಂಬರೇ ಬೇಯಿಸುವುದು, ಕಟಿಂಗ್, ಬೋರ್ಮಾ (ತಿರುಳು ಒಣಗಿಸುವ ಬಿಸಿ ಗೂಡು), ಪೀಲಿಂಗ್ (ತೆಳು ಸಿಪ್ಪೆ ತೆಗೆಯುವುದು), ಗ್ರೇಡಿಂಗ್ ದಾಟಿ ಡಬ್ಬದ ಮೇಲೆ ಬರಬೇಕು. ಪ್ರತಿ ಹಂತದಲ್ಲೂ ಕೊಡುವವರು, ಪಡೆಯುವವರು ಒಟ್ಟಿಗೆ ನಿಂತು ತೂಗಿ ಒಂದೇ ಚೀಟಿಗೆ ಸಹಿ ಹಾಕಲಿ.

ಹೆಚ್ಚಿನ ಜಗಳ ಬೋರ್ಮಾದವರಿಗೂ ಪೀಲಿಂಗಿನವರಿಗೂ. ತಿರುಳು ಸರಿಯಾಗಿ ಒಣಗದಿದ್ದರೆ ಸಿಪ್ಪೆ ಬಿಡುವುದಿಲ್ಲ, ಚಾಕು ತಾಗಿ ಗೀರು ಬೀಳುತ್ತದೆ. ಅತಿಯಾಗಿ ಒಣಗಿದರೆ ಕೈ ಹಾಕಿದಲ್ಲೇ ತುಂಡು. ನಮ್ಮ ಕರಾವಳಿಯ ಜೂನ್-ಜುಲೈ ಮಳೆಯಲ್ಲಂತೂ ಬೋರ್ಮಾದಿಂದ ತೆಗೆದದ್ದನ್ನು ರಾತ್ರಿಯಿಡೀ ತೆರೆದಿಟ್ಟರೆ ಮತ್ತೆ ತೇವ ಹೀರುತ್ತದೆ. ಬೆಳಿಗ್ಗೆ ಪೀಲಿಂಗಿನವರನ್ನು ಬೈದು ಪ್ರಯೋಜನವಿಲ್ಲ. ಕೂಲಿ ಬರೀ ಕೆಜಿ ಲೆಕ್ಕದ್ದಾದರೆ ಕೈ ಓಡುತ್ತದೆ, ತುಂಡು ಹೆಚ್ಚುತ್ತದೆ. ಇಡೀ ತಿರುಳಿಗೊಂದು, ತುಂಡಿಗೊಂದು ಕೂಲಿ ಮಾಡಿ. ಎರಡರ ಮಾರುಕಟ್ಟೆ ದರದಲ್ಲಿ ಎಷ್ಟು ಅಂತರ ಅಂತ ಗೊತ್ತಿಲ್ಲದೆ ಕೂಲಿ ನಿಗದಿ ಮಾಡುವುದು ಹೇಗೆ ಮಾರಾಯ್ರೆ?

ಮಾರಾಟದವರ ತಪ್ಪು ಬೇರೆ ಥರದ್ದು. ಇಡೀ ತಿರುಳಿನ ಡಬ್ಲ್ಯು-240 ದರ್ಜೆ ಅಂದರೆ ಪೌಂಡಿಗೆ 220ರಿಂದ 240 ತಿರುಳು. ಡಬ್ಲ್ಯು-320 ಅದಕ್ಕಿಂತ ಸಣ್ಣದು. ಗಾತ್ರ ಮರದಲ್ಲೇ ತೀರ್ಮಾನವಾಗಿರುತ್ತದೆ, ಫ್ಯಾಕ್ಟರಿ ಅದನ್ನು ಹಿಗ್ಗಿಸಲಾರದು. ಗೋಡೌನಿನಲ್ಲಿ ಯಾವ ಬೀಜ ಇದೆಯೆಂದು ನೋಡದೆ 240ಕ್ಕೆ ಮಾತು ಕೊಟ್ಟರೆ ಮಾಲು ಹೊರಗಿನಿಂದ ಕೊಳ್ಳಬೇಕು, ನಿಮ್ಮ 320 ಮತ್ತು ತುಂಡು ಅಲ್ಲೇ ಕೂರುತ್ತವೆ. ಆರ್ಡರ್ ಒಪ್ಪುವ ಮೊದಲು ಆ ಲಾಟಿನಲ್ಲಿ ದೊಡ್ಡ ಬೀಜ ಎಷ್ಟು, ಸಣ್ಣದು ಎಷ್ಟು ಎಂಬ ಕ್ಯಾಲಿಬ್ರೇಷನ್ ಲೆಕ್ಕ ಮಾರಾಟದವರ ಮೇಜಿನ ಮೇಲಿರಲಿ.

ಲೆಕ್ಕಪತ್ರದವರಿಗೆ ಒಂದೇ ಮಾತು. ಸಾಲಕ್ಕಾಗಿ ಬ್ಯಾಂಕಿಗೆ ಕೊಡುವ ಸ್ಟಾಕ್ ಪಟ್ಟಿಯನ್ನು ಖರೀದಿ ಬಿಲ್ ನೋಡಿ ಬರೆಯಬೇಡಿ, ಗೋಡೌನಿನಲ್ಲಿ ತೂಗಿ ಬರೆಯಿರಿ. ಬೇಸಿಗೆಯಲ್ಲಿ ಕೊಂಡ ಬೀಜ ಅಷ್ಟರಲ್ಲಿ ಒಣಗಿ ತೂಕ ಇಳಿದಿರುತ್ತದೆ.